ಪುಟ್ಟ ವಿಮಾನಗಳಲ್ಲಿ ಗುಂಪಾಗಿ ದಕ್ಷಿಣ ಫ್ರಾನ್ಸ್‌ಗೆ: ಮಿಸ್ತ್ರಾಲ್ ಗಾಳಿಗೆ 2 ದಿನ ಬಿಟ್ಟಿಟ್ಟುಕೊಳ್ಳಿ

ಪ್ರಶ್ನೆ: ಇಂಗ್ಲೆಂಡಿನ ಕೆಂಟ್‌ನಲ್ಲಿ ನೆಲೆಸಿದ್ದೇನೆ. ಖಾಸಗಿ ಪೈಲಟ್ ಲೈಸೆನ್ಸ್ ಬಂದು 3 ವರ್ಷ, 140 ಗಂಟೆ ಹಾರಾಟವಾಗಿದೆ. ನಮ್ಮ ಕ್ಲಬ್‌ನ 5 ವಿಮಾನಗಳಲ್ಲಿ (ಎರಡು ಸೆಸ್ನಾ 172ಎಸ್, ಎರಡು ಪೈಪರ್ ವಾರಿಯರ್, ಒಂದು ರಾಬಿನ್ ಡಿಆರ್400) ಒಟ್ಟು 13 ಜನ ಸೆಪ್ಟೆಂಬರ್ ಮೊದಲ ವಾರ ಅವಿನ್ಯೋಂಗೆ ಹೋಗುವ ಆಲೋಚನೆಯಿದೆ. 4 ರಾತ್ರಿಗೆ ಹೋಟೆಲ್ ಬುಕ್ ಮಾಡಬೇಕೆಂದಿದ್ದೇವೆ. ಯಾವ ದಾರಿ, ಏನೇನು ಕಾಗದಪತ್ರ, ಗುಂಪಿನಲ್ಲಿ ಹೋಗುವಾಗ ಏನು ಎಚ್ಚರ? ನನ್ನ ಹೆಂಡತಿಯದು ಭಾರತದ ಪಾಸ್‌ಪೋರ್ಟ್.

ಉತ್ತರ: ಹೋಟೆಲ್ ಬುಕಿಂಗನ್ನು ಸ್ವಲ್ಪ ತಡೆಯಿರಿ. ಇಂಥ ಪ್ರವಾಸಗಳು ಕೆಡುವುದು ಇಂಜಿನ್ ಕೆಟ್ಟು ಅಲ್ಲ, ದಿನಾಂಕಕ್ಕೆ ಕಟ್ಟುಬಿದ್ದು. 13 ಜನರ ರಜೆ, ಮುಂಗಡ ಕೊಟ್ಟ ಕೋಣೆ, ಸೋಮವಾರ ಬೆಳಿಗ್ಗೆ ಆಫೀಸು, ಇವೆಲ್ಲ ಸೇರಿ ಪೈಲಟ್‌ನನ್ನು ಹಾರಬಾರದ ಹವೆಯಲ್ಲಿ ಹಾರುವಂತೆ ಮಾಡುತ್ತವೆ. ನಿಮ್ಮದನ್ನು 5 ವಿಮಾನಗಳ ಒಂದು ಪ್ರಯಾಣ ಎಂದುಕೊಳ್ಳಬೇಡಿ. ಒಂದೇ ಊರಿಗೆ ಹೊರಟ 5 ಬೇರೆ ಬೇರೆ ಪ್ರಯಾಣಗಳು ಎಂದುಕೊಳ್ಳಿ. ಯಾವ ವಿಮಾನ ಎಲ್ಲಿ ಬೇಕಾದರೂ ಒಂದು ರಾತ್ರಿ ನಿಂತುಬಿಡಬಹುದು, ಅದರಿಂದ ಉಳಿದವರಿಗೆ ಏನೂ ತೊಂದರೆಯಾಗಬಾರದು. ದಕ್ಷಿಣ ಫ್ರಾನ್ಸಿನಲ್ಲಿ ಬೀಸುವ ಮಿಸ್ತ್ರಾಲ್ ಎಂಬ ರಭಸದ ಉತ್ತರ ಗಾಳಿಗೆಂದು 4 ರಾತ್ರಿಯ ಪ್ರವಾಸಕ್ಕೆ ಹೋಗಲು ಒಂದು, ಬರಲು ಒಂದು ಹೆಚ್ಚುವರಿ ದಿನ ಇಟ್ಟುಕೊಳ್ಳಿ. ಹಿಂದಿನ ದಿನದವರೆಗೂ ರದ್ದು ಮಾಡಬಹುದಾದ ಕೋಣೆಗಳನ್ನೇ ಹಿಡಿಯಿರಿ. ಇಷ್ಟಕ್ಕೆ ಗುಂಪು ಒಪ್ಪದಿದ್ದರೆ ರೈಲಿನಲ್ಲಿ ಹೋಗುವುದೇ ಒಳ್ಳೆಯದು. ಇದನ್ನು ಮನಃಪೂರ್ವಕ ಹೇಳುತ್ತಿದ್ದೇವೆ.

ಮೊದಲು ನಿಮ್ಮ ಹೆಂಡತಿಯವರ ವಿಷಯ, ಏಕೆಂದರೆ ಅದಕ್ಕೇ ಹೆಚ್ಚು ಸಮಯ ಬೇಕು. ಬ್ರಿಟನ್ನಿನಲ್ಲಿ ಕಾಯಂ ವಾಸದ ಅನುಮತಿ ಇದ್ದರೂ ಭಾರತದ ಪಾಸ್‌ಪೋರ್ಟ್‌ಗೆ ಷೆಂಗೆನ್ ವೀಸಾ ಬೇಕೇ ಬೇಕು. ಅರ್ಜಿಯನ್ನು ಪ್ರಯಾಣಕ್ಕೆ 6 ತಿಂಗಳು ಮೊದಲೇ ಹಾಕಬಹುದು. ಅರ್ಜಿ ಸೇರಿದ ಮೇಲೆ ಸಾಮಾನ್ಯವಾಗಿ 15 ದಿನದಲ್ಲಿ ತೀರ್ಮಾನವಾಗುತ್ತದೆ, ಆದರೆ ಬೇಸಿಗೆಯಲ್ಲಿ ಅರ್ಜಿ ಕೊಡಲು ಅಪಾಯಿಂಟ್‌ಮೆಂಟ್ ಸಿಗುವುದೇ ಕಷ್ಟ. ಹೆಚ್ಚುವರಿ 2 ದಿನಗಳನ್ನೂ ಸೇರಿಸಿ ದಿನಾಂಕ ಕೇಳಿ, ಒಂದಕ್ಕಿಂತ ಹೆಚ್ಚು ಬಾರಿ ಒಳಹೋಗುವ ವೀಸಾ ಕೇಳಿ. ಫ್ರಾನ್ಸಿನ ಕರಾವಳಿಯಲ್ಲಿ ಇಳಿದು, ಮುಂದೆ ಮೋಡ ಕವಿದಿದೆಯೆಂದು ಮನೆಗೆ ಮರಳಿ, ಎರಡು ದಿನ ಬಿಟ್ಟು ಮತ್ತೆ ಹೊರಡುವ ಪ್ರಸಂಗ ಪುಟ್ಟ ವಿಮಾನದವರಿಗೆ ಹೊಸದಲ್ಲ. ಒಂದೇ ಬಾರಿಯ ವೀಸಾ ಆಗ ಮುಗಿದುಹೋಗಿರುತ್ತದೆ. ಬ್ರಿಟಿಷ್ ಪಾಸ್‌ಪೋರ್ಟಿನವರಿಗೆ ವೀಸಾ ಬೇಡ, 180 ದಿನಗಳಲ್ಲಿ 90 ದಿನದ ಮಿತಿಯಿದೆ. ಆದರೆ 2025ರ ಅಕ್ಟೋಬರ್ 12ರಿಂದ ಹಂತಹಂತವಾಗಿ ಬಂದ ಹೊಸ ಗಡಿ ನೋಂದಣಿಯಲ್ಲಿ ಮೊದಲ ಸಲ ಬೆರಳಚ್ಚು, ಫೋಟೊ ಕೊಡಬೇಕು. ಸಣ್ಣ ಏರೋಡ್ರೋಮ್‌ನಲ್ಲಿ 13 ಜನರಿಗೆ ಇದು ಬೇಗ ಮುಗಿಯುವುದಿಲ್ಲ. ಆ ನಿಲುಗಡೆಗೆ ಒಂದೂವರೆ ಗಂಟೆ ಹಿಡಿಯಿರಿ.

ಊಟದ ಡಬ್ಬಿಯ ಬಗ್ಗೆಯೂ ಒಂದು ಮಾತು. ಬ್ರಿಟನ್ನಿನಿಂದ ಐರೋಪ್ಯ ಒಕ್ಕೂಟದೊಳಕ್ಕೆ ಮಾಂಸ ಮತ್ತು ಹಾಲಿನ ಪದಾರ್ಥ ಒಯ್ಯುವಂತಿಲ್ಲ. ಚಿತ್ರಾನ್ನ, ಚಕ್ಕುಲಿಗೆ ಅಡ್ಡಿಯಿಲ್ಲ. ಮೊಸರನ್ನ, ಪೇಡ, ತುಪ್ಪದ ಡಬ್ಬಿ ಮನೆಯಲ್ಲೇ ಇರಲಿ.

ಪೈಲಟ್‌ಗಳ ಕಾಗದಪತ್ರ: ಬ್ರಿಟಿಷ್ ನೋಂದಣಿಯ ವಿಮಾನಕ್ಕೆ ಬ್ರಿಟಿಷ್ ಪಿಪಿಎಲ್ (ಖಾಸಗಿ ಪೈಲಟ್ ಲೈಸೆನ್ಸ್) ಫ್ರಾನ್ಸಿನಲ್ಲಿ ನಡೆಯುತ್ತದೆ. ಅದರ ಕೆಳಗಿನ ದರ್ಜೆಯ ಎಲ್‌ಎಪಿಎಲ್ ಲೈಸೆನ್ಸ್ ನಡೆಯುವುದಿಲ್ಲ. ಕ್ಲಬ್‌ಗಳಲ್ಲಿ ಇಬ್ಬರು ಮೂವರ ಬಳಿ ಇರುವುದು ಅದೇ, ಹಾಗಾಗಿ ಯಾರು ಕ್ಯಾಪ್ಟನ್ ಎಂದು ಬರೆಯುವ ಮುಂಚೆ 5 ಜನರ ಲೈಸೆನ್ಸನ್ನೂ ತೆಗೆಸಿ ನೋಡಿ. ರೇಡಿಯೊ ಲೈಸೆನ್ಸ್, ಇಂಗ್ಲಿಷ್ ಪ್ರಾವೀಣ್ಯದ ನಮೂದು, ಮೆಡಿಕಲ್, ವಿಮಾನದ ನೋಂದಣಿ ಪತ್ರ, ವಾಯುಯೋಗ್ಯತಾ ಪತ್ರ ಮತ್ತು ಅದರ ಪರಿಶೀಲನಾ ಪತ್ರ, ವಿಮೆಯ ಪತ್ರ, ವಿಮಾನದ ರೇಡಿಯೊ ಲೈಸೆನ್ಸ್ ಇವುಗಳ ಮೂಲ ಪ್ರತಿ ವಿಮಾನದಲ್ಲಿರಲಿ. ಖರ್ಚು ಹಂಚಿಕೊಳ್ಳುವಾಗ ಪೈಲಟ್ ಕೂಡ ತನ್ನ ಪಾಲು ಕೊಡಲೇಬೇಕು.

ಬ್ರಿಟನ್ನಿನಿಂದ ಹೊರಡುವಾಗಲೂ ಮರಳುವಾಗಲೂ ಪ್ರತಿ ವಿಮಾನಕ್ಕೆ ಬೇರೆಯಾಗಿ ಜಿಎಆರ್ ವರದಿ (ವಿಮಾನದಲ್ಲಿ ಯಾರಿದ್ದಾರೆ, ಎಲ್ಲಿಗೆ, ಯಾವಾಗ ಎಂದು ಗಡಿ ಅಧಿಕಾರಿಗಳಿಗೆ ತಿಳಿಸುವ ನಮೂನೆ) ಆನ್‌ಲೈನ್‌ನಲ್ಲಿ ಸಲ್ಲಿಸಬೇಕು. 2024ರ ಏಪ್ರಿಲ್ 6ರಿಂದ ನಿಯಮ ಒಂದೇ: ಹೊರಡುವ ಹೊತ್ತಿಗೆ 48 ಗಂಟೆಗಿಂತ ಮೊದಲು ಬೇಡ, 2 ಗಂಟೆಗಿಂತ ತಡವೂ ಬೇಡ. ತಪ್ಪಿದರೆ 10,000 ಪೌಂಡ್‌ವರೆಗೆ ದಂಡ ಹಾಕುವ ಅಧಿಕಾರ ಬ್ರಿಟಿಷ್ ಗಡಿ ಅಧಿಕಾರಿಗಳಿಗಿದೆ. ಗುಂಪಿನಲ್ಲಿ ಸಾಮಾನ್ಯವಾಗಿ ಆಗುವ ಎಡವಟ್ಟೆಂದರೆ, ಕೊನೆಯ ಗಳಿಗೆಯಲ್ಲಿ ಇಬ್ಬರು ವಿಮಾನ ಬದಲಾಯಿಸಿಕೊಂಡು ಕೂರುತ್ತಾರೆ, ವರದಿಯಲ್ಲಿ ಹೆಸರು ಹಳೆಯ ವಿಮಾನದಲ್ಲೇ ಉಳಿದಿರುತ್ತದೆ. ಯಾರು ಯಾವುದರಲ್ಲಿ ಎಂಬುದು ಹಿಂದಿನ ರಾತ್ರಿಯೇ ನಿಶ್ಚಯವಾಗಲಿ. ಅಂತರರಾಷ್ಟ್ರೀಯ ಗಡಿ ದಾಟುವುದರಿಂದ ಪ್ರತಿ ವಿಮಾನಕ್ಕೂ ಫ್ಲೈಟ್ ಪ್ಲಾನ್ ಕಡ್ಡಾಯ, ಹೊರಡುವುದಕ್ಕೆ ಕನಿಷ್ಠ 60 ನಿಮಿಷ ಮೊದಲು. ಅದರಲ್ಲಿ ಬರೆಯುವುದು ಯುಟಿಸಿ, ಅಂದರೆ ಗ್ರೀನಿಚ್ ಸಮಯಕ್ಕೆ ಸಮನಾದ ಜಾಗತಿಕ ಸಮಯ. ಬೇಸಿಗೆಯಲ್ಲಿ ಬ್ರಿಟನ್ ಅದಕ್ಕಿಂತ 1 ಗಂಟೆ, ಫ್ರಾನ್ಸ್ 2 ಗಂಟೆ ಮುಂದಿರುತ್ತವೆ.

ಫ್ರಾನ್ಸಿನಲ್ಲಿ ಮೊದಲು ಇಳಿಯುವುದೂ ಕೊನೆಗೆ ಹೊರಡುವುದೂ ಕಸ್ಟಮ್ಸ್ ಮತ್ತು ಇಮಿಗ್ರೇಷನ್ ಇರುವ ಏರೋಡ್ರೋಮ್‌ನಿಂದಲೇ ಆಗಬೇಕು. ಕೆಂಟ್‌ನವರಿಗೆ ಫ್ರಾನ್ಸ್ ಕರಾವಳಿಯ ಲ ತುಕೆ ಹತ್ತಿರ, ಅನುಕೂಲ. ಅಧಿಕಾರಿಗಳು ಇಡೀ ದಿನ ಅಲ್ಲಿ ಕೂತಿರುವುದಿಲ್ಲ. ಎಷ್ಟು ಗಂಟೆ ಮುಂಚೆ ತಿಳಿಸಬೇಕು, ಯಾವ ವೇಳೆಯಲ್ಲಿ ಇರುತ್ತಾರೆ ಎಂಬುದು ಫ್ರೆಂಚ್ ವಾಯುಯಾನ ಮಾಹಿತಿ ಸೇವೆ ಎಸ್‌ಐಎ ತನ್ನ ಜಾಲತಾಣದಲ್ಲಿ ಉಚಿತವಾಗಿ ಕೊಡುವ ಏರೋಡ್ರೋಮ್ ನಕ್ಷೆಯ ಜೊತೆಯ ಪುಟದಲ್ಲೂ ನೋಟಮ್‌ಗಳಲ್ಲೂ (ಪೈಲಟ್‌ಗಳಿಗೆ ಆಗಾಗ ಹೊರಡಿಸುವ ಸೂಚನೆಗಳು) ಇರುತ್ತದೆ. 5 ವಿಮಾನಕ್ಕೆ 5 ಬೇರೆ ನೋಟಿಸ್ ಕಳಿಸಿ, ಉತ್ತರ ಬಂದದ್ದನ್ನು ಮುದ್ರಿಸಿಟ್ಟುಕೊಳ್ಳಿ.

ಈಗ ಸಮುದ್ರ. 1909ರ ಜುಲೈ 25ರಂದು ಲೂಯಿ ಬ್ಲೆರಿಯೊ ಮೊದಲ ಬಾರಿಗೆ ವಿಮಾನದಲ್ಲಿ ಇಂಗ್ಲಿಷ್ ಕಾಲುವೆ ದಾಟಿದ ಜಾಗವೇ ಇವತ್ತಿಗೂ ಅತಿ ಕಿರಿದಾದ ಹಾದಿ: ಡೋವರ್‌ನಿಂದ ಗ್ರಿ ನೆ ಭೂಶಿರಕ್ಕೆ ಸುಮಾರು 18 ನಾಟಿಕಲ್ ಮೈಲಿ (ಸುಮಾರು 33 ಕಿ.ಮೀ.; ಮುಂದೆ ಮೈಲಿ ಎಂದದ್ದೆಲ್ಲ ಇದೇ). ಇಂಜಿನ್ ನಿಂತರೆ ಸೆಸ್ನಾ 172 ಪ್ರತಿ 1,000 ಅಡಿ ಎತ್ತರಕ್ಕೆ ಸುಮಾರು 1.5 ನಾಟಿಕಲ್ ಮೈಲಿ ಗಾಳಿಯಲ್ಲಿ ತೇಲಿಕೊಂಡು ಮುಂದೆ ಹೋಗುತ್ತದೆ. ನಡುಮಧ್ಯದಿಂದ ಯಾವುದಾದರೊಂದು ದಡಕ್ಕೆ 9 ಮೈಲಿ, ಅಂದರೆ ಗಾಳಿ ಇಲ್ಲದಾಗ 6,000 ಅಡಿ ಬೇಕು. ಮೇಲಿನ ನಿಯಂತ್ರಿತ ವಾಯುಪ್ರದೇಶ ಬಿಡುವಷ್ಟೂ ಎತ್ತರಕ್ಕೆ ಹೋಗಿ. ಕೆಂಟ್‌ನ ಲಿಡ್‌ನಿಂದ ನೇರ ಲ ತುಕೆಗೆ ಹೊರಟರೆ ನೀರಿನ ಮೇಲಿನ ದೂರ ಇದಕ್ಕಿಂತ ಬಹಳ ಹೆಚ್ಚು. ಉಳಿಯುವ 10 ನಿಮಿಷಕ್ಕಾಗಿ ಆ ಹಾದಿ ಬೇಡ.

ಲೈಫ್ ಜಾಕೆಟನ್ನು ಸೀಟಿನ ಹಿಂದೆ ಇಡುವುದಲ್ಲ, ತೊಟ್ಟುಕೊಂಡೇ ಹತ್ತಬೇಕು. ಗಾಳಿ ತುಂಬುವುದು ಮಾತ್ರ ಹೊರಬಂದ ಮೇಲೆ. ಒಳಗೇ ಉಬ್ಬಿಸಿಕೊಂಡವರು ನೀರು ನುಗ್ಗಿದಾಗ ಚಾವಣಿಗೆ ಒತ್ತಿಹಿಡಿದಂತಾಗಿ ಬಾಗಿಲು ತಲುಪಲಾರರು. ವಾರಿಯರ್‌ಗೆ ಇರುವುದು ಬಲಗಡೆ ಒಂದೇ ಬಾಗಿಲು. ಪೈಲಟ್ ಸೇರಿ ಎಲ್ಲರೂ ಅದರಿಂದಲೇ ಬರಬೇಕು. ಆದ್ದರಿಂದ ಮುಂದಿನ ಬಲ ಸೀಟಿನಲ್ಲಿ ಬಾಗಿಲ ಮೇಲಿನ ಕೊಂಡಿ, ಪಕ್ಕದ ಹಿಡಿ ಎರಡನ್ನೂ ಕಣ್ಣುಮುಚ್ಚಿ ತೆಗೆಯಬಲ್ಲವರು ಕೂರಲಿ. ನೀರಿಗೆ ತಾಗುವ ಮುಂಚೆಯೇ ಬಾಗಿಲು ತೆರೆದು ಸಂದಿಗೆ ಚಪ್ಪಲಿಯನ್ನೋ ಬಟ್ಟೆಯನ್ನೋ ಸಿಕ್ಕಿಸಬೇಕು. ನೆಲದ ಮೇಲೆ ನಿಂತಾಗ ಪ್ರತಿಯೊಬ್ಬರೂ ಇದನ್ನು 2 ಸಲ ಮಾಡಿ ತೋರಿಸಲಿ. ವಾರಿಯರ್‌ನ ಇಂಜಿನ್ ಕಾರ್ಬ್ಯುರೇಟರಿನದು. ಕಡಲಿನ ತೇವದ ಗಾಳಿಯಲ್ಲಿ 15 ಡಿಗ್ರಿಯಲ್ಲೂ ಅದರ ಗಂಟಲಲ್ಲಿ ಮಂಜುಗಡ್ಡೆ ಕಟ್ಟುತ್ತದೆ. 10 ನಿಮಿಷಕ್ಕೊಮ್ಮೆ ಕಾರ್ಬ್ ಹೀಟ್ (ಕಾರ್ಬ್ಯುರೇಟರಿಗೆ ಬಿಸಿಗಾಳಿ ಬಿಡುವ ಹಿಡಿ) ಪೂರ್ತಿ ಎಳೆದು 15 ಸೆಕೆಂಡು ಹಿಡಿಯಿರಿ. ದಾಟುವಾಗ ಪೈಲಟ್‌ಗಳಿಗೆ ಮಾಹಿತಿ ಕೊಡುವ ರೇಡಿಯೊ ಸೇವೆ ಲಂಡನ್ ಇನ್ಫರ್ಮೇಷನ್ 124.600ರಲ್ಲಿ ಸಿಗುತ್ತದೆ.

ಲ ತುಕೆಯಿಂದ ಅವಿನ್ಯೋಂಗೆ ನೇರ ಗೆರೆ ಎಳೆದರೆ ಸುಮಾರು 420 ನಾಟಿಕಲ್ ಮೈಲಿ. ಆ ಗೆರೆ ಪ್ಯಾರಿಸ್‌ನ ದಟ್ಟ ವಾಯುಪ್ರದೇಶದ ಅಂಚನ್ನು ಕೊಯ್ದುಕೊಂಡು ಹೋಗುತ್ತದೆ. ಪೂರ್ವಕ್ಕೆ ಬಳಸಿ ರ‍್ಯಾಂಸ್, ತ್ರ್ವಾ, ಮಾಕೋಂ, ಅಲ್ಲಿಂದ ಸೋನ್ ಮತ್ತು ರೋನ್ ನದಿಗಳ ಕಣಿವೆ ಹಿಡಿದರೆ 450 ಮೈಲಿ ಆಗುತ್ತದೆ. ಆ 30 ಮೈಲಿಗೆ ಬದಲಾಗಿ ಸಮತಟ್ಟು ನೆಲ, ಕಣ್ಣಿಗೆ ಕಾಣುವ ನದಿ, ಅಲ್ಲಲ್ಲಿ ಇಳಿಯಲು ಜಾಗ ಸಿಗುತ್ತವೆ. ತ್ರ್ವಾವರೆಗೆ 180 ಮೈಲಿ, ಅಲ್ಲಿ ಊಟ ಮತ್ತು ಇಂಧನ, ಮುಂದೆ 270 ಮೈಲಿ. ಮೊದಲ ದಿನ ಮಾಕೋಂನಲ್ಲೇ ತಂಗಿದರೆ ಇನ್ನೂ ಚೆನ್ನ. ಮರುದಿನ ಬೆಳಗಿನ ತಂಪಿನಲ್ಲಿ 145 ಮೈಲಿ ಉಳಿಯುತ್ತದೆ, ಮಾಸಿಫ್ ಸಾಂತ್ರಾಲ್ ಬೆಟ್ಟಗಳ ಮೇಲೆ ಮಧ್ಯಾಹ್ನ ಏಳುವ ಗುಡುಗುಮೋಡಗಳಿಗೆ ಮೊದಲೇ ತಲುಪಿಬಿಡುತ್ತೀರಿ.

ದಾರಿಯಲ್ಲಿ ಮೂರು ಬಗೆಯ ಜಾಗಗಳನ್ನು ನಕ್ಷೆಯಲ್ಲಿ ಕೆಂಪು ಪೆನ್ನಿನಿಂದ ಸುತ್ತಿ. ಒಂದು, ಆರ್‌ಟಿಬಿಎ ಎಂಬ ಮಿಲಿಟರಿಯ ಕೆಳಮಟ್ಟದ ಹಾದಿಗಳು. ಅಲ್ಲಿ ಯುದ್ಧವಿಮಾನಗಳು ಮೋಡದೊಳಗೂ ಅತಿವೇಗದಲ್ಲಿ ಹೋಗುತ್ತವೆ, ನಿಮ್ಮನ್ನು ನೋಡಿ ತಪ್ಪಿಸಿಕೊಳ್ಳುವ ಸ್ಥಿತಿಯಲ್ಲಿ ಅವರು ಇರುವುದಿಲ್ಲ. ಯಾವ ತುಂಡು ಎಷ್ಟು ಹೊತ್ತಿಗೆ ಚಾಲೂ ಎಂಬುದನ್ನು ಎಸ್‌ಐಎ ಅಜ್ಬಾ ಎಂಬ ನಕ್ಷೆಯಲ್ಲಿ ಪ್ರಕಟಿಸುತ್ತದೆ, ಹೊರಡುವ ದಿನವೇ ನೋಡಬೇಕು. ಎರಡು, ರೋನ್ ದಡದ ಅಣುಸ್ಥಾವರಗಳು: ಸಾಂತ್ ಆಲ್ಬಾಂ, ಕ್ರುಆಸ್, ತ್ರಿಕಾಸ್ತಾಂ, ಮಾರ್ಕೂಲ್. ಇವುಗಳ ಸುತ್ತ ನಿಷೇಧಿತ ವಲಯವಿದೆ. ನದಿಯನ್ನೇ ನೋಡುತ್ತ ಹೋದವರು ನೇರ ಇವುಗಳ ಮೇಲೆಯೇ ಬಂದುಬಿಡುತ್ತಾರೆ. ಮೂರು, ಮಿಲಿಟರಿ ನೆಲೆಗಳು. ಅವಿನ್ಯೋಂಗೆ ಸ್ವಲ್ಪ ಉತ್ತರಕ್ಕೇ ಒರಾಂಜ್, ದಕ್ಷಿಣಕ್ಕೆ ಇಸ್ತ್ರ್ ಮತ್ತು ಸಾಲೋಂ ಇವೆ. ಲಿಯೋಂ ಸುತ್ತಲಿನ ವಾಯುಪ್ರದೇಶಕ್ಕೆ ಅನುಮತಿ ಕೇಳಿ, ಕೊಡದಿದ್ದರೆ ಪಶ್ಚಿಮಕ್ಕೆ ಬಳಸುವ ಹಾದಿಯನ್ನು ಮೊದಲೇ ಬರೆದಿಟ್ಟುಕೊಂಡಿರಿ.

ಇಂಧನಕ್ಕೋ ಊಟಕ್ಕೋ ಸಣ್ಣ ಏರೋಡ್ರೋಮ್ ಆರಿಸುವಾಗ ಅದರ ನಕ್ಷೆಯ ಪುಟದಲ್ಲಿ ‘ಎಫ್‌ಆರ್ ಸೂಲ್ಮಾಂ’ ಎಂದಿದೆಯೇ ನೋಡಿ. ಅಲ್ಲಿ ರೇಡಿಯೊದಲ್ಲಿ ಫ್ರೆಂಚ್ ಮಾತ್ರ ಎಂದರ್ಥ. ಟವರ್ ಇಲ್ಲದ ಕಡೆ ಪೈಲಟ್‌ಗಳು ಒಬ್ಬರಿಗೊಬ್ಬರು ತಮ್ಮ ಜಾಗ ಹೇಳಿಕೊಂಡೇ ಇಳಿಯುತ್ತಾರೆ. ವಾಂತ್ ಆರಿಯೆರ್ ಎಂದರೆ ಡೌನ್‌ವಿಂಡ್ (ಇಳಿಯುವ ಮುಂಚೆ ರನ್‌ವೇ ಪಕ್ಕದಲ್ಲಿ ಎದುರು ದಿಕ್ಕಿಗೆ ಹಾರುವ ಹಂತ), ಎತಾಪ್ ದ ಬಾಸ್ ಎಂದರೆ ಬೇಸ್ (ಅದರ ನಂತರದ ಅಡ್ಡ ಹಂತ), ಪಿಸ್ತ್ ಎಂದರೆ ರನ್‌ವೇ. ನಾಲ್ಕು ಪದ ಬಾಯಿಪಾಠ ಮಾಡಿ ಹೇಳಿಬಿಡಬಹುದು. ಎದುರಿನವನು ಏನು ಹೇಳಿದ ಎಂದು ತಿಳಿಯದಿದ್ದರೆ ಅದರಿಂದ ಏನು ಬಂತು? ನಿಮ್ಮಲ್ಲಿ ಫ್ರೆಂಚ್ ಬಲ್ಲವರಿಲ್ಲದ ವಿಮಾನಕ್ಕೆ ಆ ಏರೋಡ್ರೋಮ್‌ಗಳು ಬೇಡವೇ ಬೇಡ. ಎಷ್ಟೋ ಕಡೆ ಇಂಧನದ ಯಂತ್ರ ತೆಗೆದುಕೊಳ್ಳುವುದು ಟೋಟಲ್‌ಎನರ್ಜೀಸ್‌ನ ವಿಮಾನ ಇಂಧನದ ಕಾರ್ಡ್ ಮಾತ್ರ. ಅದು ಕೈಗೆ ಬರಲು ಕೆಲವು ವಾರ ಬೇಕು, ಈಗಲೇ ಅರ್ಜಿ ಹಾಕಿ. ಸಿಬ್ಬಂದಿ ಬಂದು ತುಂಬುವ ಕಡೆ ಮಧ್ಯಾಹ್ನ 12ರಿಂದ 2ರವರೆಗೆ ಊಟದ ಬಿಡುವು ಇರುತ್ತದೆ ಎಂದೇ ಲೆಕ್ಕ ಹಾಕಿ.

ತೂಕವನ್ನು ಲೆಕ್ಕ ಮಾಡಿಯೇ ತೋರಿಸುತ್ತೇವೆ. 172ಎಸ್‌ನ ಗರಿಷ್ಠ ತೂಕ 1,157 ಕೆ.ಜಿ. ಖಾಲಿ ವಿಮಾನ 770 ಕೆ.ಜಿ. ಎಂದುಕೊಂಡರೆ ಉಳಿಯುವುದು 387. ಟ್ಯಾಂಕ್ ತುಂಬಿದರೆ 200 ಲೀಟರ್, ಲೀಟರಿಗೆ 0.72 ಕೆ.ಜಿ.ಯಂತೆ 144 ಕೆ.ಜಿ. ಜನರಿಗೂ ಸಾಮಾನಿಗೂ ಉಳಿದದ್ದು 243. 80 ಕೆ.ಜಿ.ಯ ಮೂವರು ಕೂತರೆ ಒಂದು ಕೈಚೀಲಕ್ಕೂ ಜಾಗವಿಲ್ಲ. ಅದೇ 130 ಲೀಟರ್ ಹಾಕಿಕೊಂಡರೆ 94 ಕೆ.ಜಿ., ಉಳಿದದ್ದು 293. ಮೂವರು ಮತ್ತು 50 ಕೆ.ಜಿ. ಸಾಮಾನು. ಗಂಟೆಗೆ 36 ಲೀಟರ್ ಕುಡಿಯುವ ಈ ವಿಮಾನಕ್ಕೆ ತ್ರ್ವಾದಿಂದ ಅವಿನ್ಯೋಂವರೆಗೆ ಗಾಳಿಯಿಲ್ಲದಾಗ ಸುಮಾರು 85 ಲೀಟರ್ ಸಾಕು, ಮೇಲೆ ಒಂದು ಗಂಟೆಗಿಂತ ಹೆಚ್ಚು ಮೀಸಲು ಇರುತ್ತದೆ. ನಾಲ್ಕು ಸೀಟಿದೆಯೆಂದು ನಾಲ್ವರನ್ನು ಕೂರಿಸಬೇಡಿ. 5 ವಿಮಾನಕ್ಕೆ 13 ಜನ ಸರಿಯಾದ ಸಂಖ್ಯೆ. ಇನ್ನಿಬ್ಬರು ಬರುತ್ತೇವೆಂದರೆ ಒಪ್ಪಬೇಡಿ.

ಹೊರಡುವ ಕ್ರಮದಲ್ಲಿ ಎಲ್ಲ ಗುಂಪುಗಳೂ ಒಂದೇ ತಪ್ಪು ಮಾಡುತ್ತವೆ: ನಿಧಾನದ್ದು ಮೊದಲು ಹೊರಡಲಿ, ಎಲ್ಲರೂ ಒಟ್ಟಿಗೆ ತಲುಪೋಣ ಎಂದು. ವಾರಿಯರ್ 105 ನಾಟ್ (ಗಂಟೆಗೆ 105 ನಾಟಿಕಲ್ ಮೈಲಿ), ರಾಬಿನ್ 125 ನಾಟ್. ವಾರಿಯರ್ 10 ನಿಮಿಷ ಮೊದಲು ಹೋದರೆ 17 ಮೈಲಿ ಮುಂದಿರುತ್ತದೆ. ಹಿಂದಿನಿಂದ ರಾಬಿನ್ 50 ನಿಮಿಷ ಚಿಲ್ಲರೆಯಲ್ಲಿ ಅದನ್ನು ಹಿಡಿಯುತ್ತದೆ, ಅದೂ ಅದೇ ಹಾದಿಯಲ್ಲಿ, ಬಹುಶಃ ಅದೇ ಎತ್ತರದಲ್ಲಿ. ವಾರಿಯರ್‌ನ ಪೈಲಟ್‌ಗೆ ಹಿಂದೆ ಕಾಣುವುದಿಲ್ಲ. ವೇಗದ್ದು ಮೊದಲು, ಮತ್ತೆ ಸೆಸ್ನಾಗಳು, ಕೊನೆಗೆ ವಾರಿಯರ್‌ಗಳು, ನಡುವೆ 10 ನಿಮಿಷ. ಆಗ ಅಂತರ ಹೆಚ್ಚುತ್ತಲೇ ಹೋಗುತ್ತದೆ, ಇಳಿಯುವ ಕಡೆಯೂ 5 ವಿಮಾನ ಒಟ್ಟಿಗೆ ಮುಗಿಬೀಳುವುದಿಲ್ಲ. ಫೋಟೊಗಾಗಿ ಹತ್ತಿರ ಹತ್ತಿರ ಹಾರುವುದು ಬೇಡ, ಅದು ಬೇರೆಯೇ ತರಬೇತಿಯ ವಿದ್ಯೆ. ಮುಂದೆ ಹೋದವರು ‘ಬನ್ನಿ, ಚೆನ್ನಾಗಿದೆ’ ಎಂದು ಮೆಸೇಜ್ ಕಳಿಸುವುದೂ ಬೇಡ. ಮೋಡದ ತಳ ಎಷ್ಟು ಅಡಿ, ಎಷ್ಟು ದೂರ ಕಾಣುತ್ತಿತ್ತು, ಗಾಳಿ ಎಷ್ಟು, ಎಷ್ಟು ಗಂಟೆಗೆ ನೋಡಿದ್ದು, ಇಷ್ಟೇ ಬರೆಯಲಿ. ಹಾರುವುದೋ ಬಿಡುವುದೋ ಆಯಾ ವಿಮಾನದ ಕ್ಯಾಪ್ಟನ್‌ಗೆ ಬಿಟ್ಟದ್ದು. ‘ಬೇಡ’ ಎಂದವರನ್ನು ಯಾಕೆ ಎಂದು ಯಾರೂ ಕೇಳಬಾರದು.

ಇನ್ನು ಮಿಸ್ತ್ರಾಲ್. ಪಶ್ಚಿಮದಲ್ಲಿ ಬಿಸ್ಕೆ ಕೊಲ್ಲಿಯ ಕಡೆ ಹೆಚ್ಚು ಒತ್ತಡ, ಜಿನೋವಾ ಕೊಲ್ಲಿಯ ಕಡೆ ಕಡಿಮೆ ಒತ್ತಡ ಇದ್ದಾಗ ಉತ್ತರದ ತಣ್ಣನೆಯ ಗಾಳಿ ಆಲ್ಪ್ಸ್ ಮತ್ತು ಮಾಸಿಫ್ ಸಾಂತ್ರಾಲ್ ನಡುವಿನ ಇಕ್ಕಟ್ಟಿನಲ್ಲಿ ನುಗ್ಗಿ ರೋನ್ ಕಣಿವೆಯುದ್ದಕ್ಕೂ ವೇಗ ಪಡೆಯುತ್ತದೆ. ಗಂಟೆಗೆ 100 ಕಿ.ಮೀ. ಮೀರಿದ ಬೀಸು ಅಲ್ಲಿನವರಿಗೆ ಅಪರೂಪವಲ್ಲ. ಮೋಸ ಎಲ್ಲಿದೆಯೆಂದರೆ, ಆಗ ಆಕಾಶ ತೊಳೆದಿಟ್ಟಂತೆ ನೀಲಿಯಾಗಿರುತ್ತದೆ, 50 ಮೈಲಿ ಆಚೆಯ ಬೆಟ್ಟವೂ ಕಾಣುತ್ತದೆ. ಮೋಡ ನೋಡಿ ಹವೆ ಅಳೆಯುವ ಇಂಗ್ಲೆಂಡಿನ ಪೈಲಟ್‌ಗೆ ಅದು ಹಾರಲು ಹೇಳಿಮಾಡಿಸಿದ ದಿನದಂತೆ ತೋರುತ್ತದೆ.

172ರ ಕೈಪಿಡಿಯಲ್ಲಿ ಪರೀಕ್ಷಿಸಿ ತೋರಿಸಿರುವ ಅಡ್ಡಗಾಳಿ 15 ನಾಟ್, ವಾರಿಯರ್‌ನದು 17. ಅವಿನ್ಯೋಂ ರನ್‌ವೇ 17/35 (ಅಂದರೆ ಸುಮಾರು 170 ಮತ್ತು 350 ಡಿಗ್ರಿ ದಿಕ್ಕಿನದು), ನೀಮ್ 18/36. ಎರಡೂ ಮಿಸ್ತ್ರಾಲ್ ಬರುವ ದಿಕ್ಕಿಗೆ ಹತ್ತಿರ. ಅದೇ 350 ಡಿಗ್ರಿಯಿಂದ 30 ನಾಟ್ ಬೀಸುವಾಗ ಮೋಂಪೆಲಿಯೆಯ 12/30ರಲ್ಲಿ ಇಳಿಯಹೊರಟರೆ ಅಡ್ಡಗಾಳಿ 23 ನಾಟ್. ನಿಮ್ಮ ಯಾವ ವಿಮಾನಕ್ಕೂ ಅಲ್ಲದ್ದು. ಲೆಕ್ಕಕ್ಕೆ ಸರಾಸರಿ ಗಾಳಿಯನ್ನಲ್ಲ, ಬೀಸಿನ ಅಂಕಿಯನ್ನೇ ತೆಗೆದುಕೊಳ್ಳಿ. ಬದಲಿ ಏರೋಡ್ರೋಮ್ ಆರಿಸುವಾಗ ಊರಿನ ದೂರಕ್ಕಿಂತ ರನ್‌ವೇಯ ದಿಕ್ಕು ಮುಖ್ಯ. 1,910 ಮೀಟರಿನ ಮೋಂ ವಾಂತೂ, ಲ್ಯುಬೆರೋಂ, ಆಲ್ಪಿಯ್ ಬೆಟ್ಟಗಳ ದಕ್ಷಿಣದ ಮಗ್ಗುಲಿಗೆ ಆ ದಿನ ಹೋಗಲೇಬಾರದು, ಅಲ್ಲಿ ಗಾಳಿ ಸುರುಳಿಯಾಗಿ ಕೆಳಕ್ಕೆ ಬಡಿಯುತ್ತದೆ. ಕುಲುಕಾಟ ಶುರುವಾದರೆ ವೇಗ ಇಳಿಸಿ: 172ಎಸ್‌ಗೆ ಪೂರ್ತಿ ತೂಕದಲ್ಲಿ 105 ನಾಟ್, 1,000 ಕೆ.ಜಿ. ಸುಮಾರಿಗೆ 98. ತೂಕ ಕಡಿಮೆಯಾದಷ್ಟೂ ಈ ವೇಗವೂ ಕಡಿಮೆ ಎಂಬುದನ್ನು ಎಷ್ಟೋ ಜನ ಮರೆಯುತ್ತಾರೆ.

ನಿಂತ ವಿಮಾನಕ್ಕೂ ಇದೇ ಗಾಳಿ. ಮೂತಿ ಉತ್ತರಕ್ಕೆ ಮಾಡಿ, ಎರಡು ರೆಕ್ಕೆ ಮತ್ತು ಬಾಲಕ್ಕೆ ಹಗ್ಗ ಕಟ್ಟಿ, ಕಂಟ್ರೋಲ್ ಲಾಕ್ ಹಾಕಿ, ಚಕ್ರದ ಎರಡೂ ಕಡೆ ಅಡ್ಡಗಟ್ಟೆ ಇಡಿ. ಹಗ್ಗವನ್ನೂ ಗೂಟಗಳನ್ನೂ ನೀವೇ ಒಯ್ಯಬೇಕು. ಪ್ರತಿ ವಿಮಾನಕ್ಕೆ 3 ಹಗ್ಗ, 3 ಸ್ಕ್ರೂ ಗೂಟ, ಒಂದು ಸುತ್ತಿಗೆ. ಇವುಗಳ ಜೊತೆ ಅದೇ ದರ್ಜೆಯ 2 ಲೀಟರ್ ಇಂಜಿನ್ ಆಯಿಲ್, ಕಿಟಕಿಗೆ ಬಿಸಿಲು ತಡೆಯುವ ಹೊದಿಕೆ.

ಗಾಳಿ ಇಲ್ಲದ ದಿನ ಸೆಕೆ ಕಾಡುತ್ತದೆ. 172ಎಸ್‌ನ ಇಂಜಿನ್ ಇಂಜೆಕ್ಷನ್ನಿನದು. ಇಳಿದು, ಇಂಧನ ಹಾಕಿ, 20 ನಿಮಿಷ ಬಿಟ್ಟು ಶುರುಮಾಡಿದರೆ ಹತ್ತುವುದಿಲ್ಲ. ಸಿಲಿಂಡರ್‌ಗಳ ಮೇಲಿನ ಸಣ್ಣ ಕೊಳವೆಗಳಲ್ಲಿ ಇಂಧನ ಕುದಿದು ಆವಿಯಾಗಿರುತ್ತದೆ. ಆಗ ಮತ್ತೆ ಮತ್ತೆ ಪ್ರೈಮ್ ಮಾಡಿದರೆ (ಶುರುಮಾಡುವ ಮುಂಚೆಯೇ ಇಂಧನ ಹಾಯಿಸಿದರೆ) ಇಂಜಿನ್ ತೊಯ್ದು ಇನ್ನೂ ಕೆಡುತ್ತದೆ. ಪ್ರೈಮ್ ಬೇಡ, ಮಿಕ್ಸ್ಚರ್ (ಇಂಜಿನ್ನಿಗೆ ಹೋಗುವ ಇಂಧನದ ಹಿಡಿ) ಪೂರ್ತಿ ಹಿಂದೆ, ಥ್ರಾಟಲ್ ಕಾಲು ಇಂಚು ಮುಂದೆ, ಸ್ಟಾರ್ಟರ್ ತಿರುಗಿಸಿ. ಇಂಜಿನ್ ಕೆಮ್ಮಿದ ಕೂಡಲೇ ಮಿಕ್ಸ್ಚರ್ ಮುಂದಕ್ಕೆ ತಳ್ಳಿ. 10 ಸೆಕೆಂಡಿನಲ್ಲಿ ಹತ್ತದಿದ್ದರೆ ಸ್ಟಾರ್ಟರ್ ಆರಲು ಬಿಡಿ. ಇಲ್ಲದಿದ್ದರೆ ಬ್ಯಾಟರಿಯೂ ಹೋಗುತ್ತದೆ.

ಅವಿನ್ಯೋಂನಿಂದ ಒಂದು ದಿನ ಗಾಪ್ ತಲಾರ್ ಏರೋಡ್ರೋಮ್‌ಗೆ ಹೋಗಿಬರುವ ಆಸೆ ಎಲ್ಲರಿಗೂ ಬರುತ್ತದೆ, ಆಲ್ಪ್ಸ್ ಅಲ್ಲಿಂದ ಕೈಗೆಟುಕುವಂತೆ ಕಾಣುತ್ತದೆ. ಆ ಏರೋಡ್ರೋಮ್‌ನ ಎತ್ತರ ಸುಮಾರು 2,000 ಅಡಿ. ಅಲ್ಲಿ 33 ಡಿಗ್ರಿ ಇದ್ದರೆ, ಆ ಎತ್ತರದ ಪ್ರಮಾಣ ಉಷ್ಣತೆ 11ಕ್ಕಿಂತ 22 ಹೆಚ್ಚು, ಡಿಗ್ರಿಗೆ 120 ಅಡಿಯಂತೆ 2,640 ಸೇರಿಸಿ. ಇಂಜಿನ್ನಿಗೂ ರೆಕ್ಕೆಗೂ ಅದು 4,600 ಅಡಿ ಎತ್ತರದ ತೆಳು ಗಾಳಿ. ಪೂರ್ತಿ ತೂಕದ 172ಎಸ್ ಸಮುದ್ರಮಟ್ಟದಲ್ಲಿ 20 ಡಿಗ್ರಿಯಲ್ಲಿ 50 ಅಡಿ ಮೇಲೇರಲು ಸುಮಾರು 515 ಮೀಟರ್ ತೆಗೆದುಕೊಂಡರೆ 2,000 ಅಡಿಯಲ್ಲಿ 30 ಡಿಗ್ರಿಗೆ ಸುಮಾರು 670 ಮೀಟರ್, ಅದನ್ನು ಸುರಕ್ಷತೆಯ 1.33ರಿಂದ ಗುಣಿಸಿದರೆ 890. ಬೆಳಿಗ್ಗೆ 8ಕ್ಕೆ ಹೋಗಿ 11ರೊಳಗೆ ಹೊರಟುಬಿಡಿ. ಅಲ್ಲಿ ಪ್ಯಾರಾಶೂಟಿನವರ ಹಾರಾಟ ಬಹಳ, ರೇಡಿಯೊ ಕಿವಿಗೊಟ್ಟು ಕೇಳಿ. ಕಾಡ್ಗಿಚ್ಚು ಎದ್ದ ದಿನ ಬೆರ್ ಸರೋವರದ ಕಡೆ ಸುಳಿಯಬೇಡಿ, ಬೆಂಕಿ ಆರಿಸುವ ಕೆನಡೇರ್ ವಿಮಾನಗಳು ನೀರು ತುಂಬಿಕೊಳ್ಳಲು ನೀರಿನ ಮಟ್ಟಕ್ಕೇ ಇಳಿಯುತ್ತವೆ.

ಮರಳುವಾಗ ಲೆಕ್ಕವೆಲ್ಲ ತಿರುಗುತ್ತದೆ. 40 ನಾಟ್ ಎದುರುಗಾಳಿಯಲ್ಲಿ ವಾರಿಯರ್ ನೆಲದ ಮೇಲೆ ಸಾಗುವುದು 65 ನಾಟ್‌ನಲ್ಲಿ. ಹೋಗುವಾಗ ಅದೇ ಗಾಳಿ ಬೆನ್ನಿಗಿದ್ದರೆ ಒಂದು ಗಂಟೆಯಲ್ಲೇ ಮುಗಿಯುವ ಮಾಕೋಂ ಅವಿನ್ಯೋಂ ದಾರಿಗೆ ಈಗ 2 ಗಂಟೆ 15 ನಿಮಿಷ. ಲ ತುಕೆಯಲ್ಲಿ ಅಧಿಕಾರಿಗಳು ಎದ್ದುಹೋಗುವ ವೇಳೆಯನ್ನು ಮೊದಲು ಬರೆದುಕೊಂಡು, ಅಲ್ಲಿಂದ ಹಿಂದಕ್ಕೆ ಎಣಿಸಿ ಅವಿನ್ಯೋಂ ಬಿಡುವ ಹೊತ್ತು ಗೊತ್ತುಮಾಡಿ. ಆ ಹೊತ್ತು ಮೀರಿದ ವಿಮಾನ ಅವತ್ತು ಹೊರಡುವುದು ಬೇಡ, ಹೆಚ್ಚುವರಿ ದಿನ ಇಟ್ಟುಕೊಂಡದ್ದು ಇದಕ್ಕೇ. ಲ ತುಕೆಯಲ್ಲಿ ಇಳಿದ ಮೇಲೆ ಜಿಎಆರ್‌ನಲ್ಲಿ ಬರೆದ ಸಮಯ, ಹೆಸರು, ಇಳಿಯುವ ಜಾಗ ಇನ್ನೂ ಸರಿಯಿವೆಯೇ ನೋಡಿ, ಬದಲಾಗಿದ್ದರೆ ತಿದ್ದಿ ಮತ್ತೆ ಸಲ್ಲಿಸಿ.

ಕೆಂಟ್‌ನಲ್ಲಿ ನಿಮ್ಮ ಏರೋಡ್ರೋಮ್‌ಗೆ ಟವರ್ ಇಲ್ಲದಿದ್ದರೆ, ನೀವು ತಲುಪಿದಿರೆಂದು ಯಾರಿಗೂ ತಾನಾಗಿ ತಿಳಿಯುವುದಿಲ್ಲ. ಹೊರಡುವ ಮುಂಚೆಯೇ ಪ್ರತಿ ವಿಮಾನಕ್ಕೂ ನೆಲದ ಮೇಲಿರುವ ಒಬ್ಬರನ್ನು ನೇಮಿಸಿ, ನಿರೀಕ್ಷಿತ ಸಮಯ ಕೊಡಿ. ಆ ಸಮಯ ಕಳೆದು 30 ನಿಮಿಷವಾದರೂ ನೀವು ಫೋನ್ ಮಾಡದಿದ್ದರೆ ಅವರು ಎಚ್ಚರಿಕೆ ಕೊಡುತ್ತಾರೆ. ಫ್ರಾನ್ಸಿನಲ್ಲಿ ಟವರ್ ಇಲ್ಲದ ಕಡೆ ಇಳಿದಾಗಲೂ ಫ್ಲೈಟ್ ಪ್ಲಾನನ್ನು ನೀವೇ ಫೋನ್ ಅಥವಾ ರೇಡಿಯೊದಲ್ಲಿ ಮುಚ್ಚಬೇಕು. ಮರೆತು ಊಟಕ್ಕೆ ಕೂತರೆ ಅಷ್ಟರಲ್ಲಿ ಹುಡುಕಾಟ ಶುರುವಾಗಿರುತ್ತದೆ. ಇಂಜಿನ್ ನಿಲ್ಲಿಸಿ, ಕೀಲಿ ತೆಗೆದು, ಸೀಟ್ ಬೆಲ್ಟ್ ಬಿಚ್ಚುವ ಮುಂಚೆ ಆ ಫೋನ್ ಮಾಡಿ.